ಮುತ್ತುಗದೆಲೆಯಲ್ಲಿ ಕಟ್ಟಿದ ಗುಂಡಿಗೆ

ನನ್ನ ಬಾಮೈದ ಬಚ್ಚಪ್ಪನಿಗೆ ಆದದ್ದು ಇದು. ಅರವತ್ತಾರನೇ ಇಸವಿ. ಕೊನೇ ಬಸ್ಸು ತಪ್ಪಿ, ಬಂಗಾರಪೇಟೆಯಿಂದ ಬೂದಿಕೋಟೆ ರಸ್ತೇಲಿ ಒಬ್ಬನೇ ನಡೆದು ಬರ್ತಿದ್ದ. ಕೈಯಲ್ಲಿ ಮುತ್ತುಗದೆಲೆ ಪೊಟ್ಟಣ. ಒಳಗೆ ಕುರಿ ಗುಂಡಿಗೆ.

ಅದು ಅವನ ಅಕ್ಕನಿಗೆ. ನನ್ನ ಹೆಂಡತಿ ಗಂಗರತ್ನಮ್ಮನಿಗೆ. ಅವತ್ತು ಅವಳಿಗೆ ದೂರದ ದೊಡ್ಡಾಸ್ಪತ್ರೇಲಿ ಗುಂಡಿಗೆ ಆಪರೇಷನ್. ಗುಂಡಿಗೆ ಕಾಯಿಲೆಯವರಿಗೆ ಗುಂಡಿಗೆ ಸಾರು ಕುಡಿಸಬೇಕು ಅಂತ ನಮ್ಮ ಕಡೆ ಹೇಳ್ತಾರೆ. ಮಾರನೇ ಬೆಳಗ್ಗೆ ಬೇಯಿಸಿ ರೈಲಲ್ಲಿ ಆಸ್ಪತ್ರೆಗೆ ತರೋನಿದ್ದ.

ಕುರಿ ಕೊಯ್ಯೋ ಸೊಣ್ಣಪ್ಪ ಕೇಳಿದ್ನಂತೆ, “ಅಕ್ಕಂಗೋ, ನಿಂಗೋ? ದಾರೀಲೇ ಸುಟ್ಕೊಂಡು ತಿಂದ್ಬಿಟ್ಟೀಯ ಕಣ್ಲಾ.”

ನಾನು ಕೆಲಸದ ಚಿನ್ನದ ಗಣಿ ಮೈಸೂರು ಮೈನ್ಸಿಗೆ ರಜೆ ಹೇಳಿ ಆಸ್ಪತ್ರೆ ಜಗಲೀಲಿ ಕೂತಿದ್ದೆ. ಡಾಕ್ಟ್ರು ಮುಂಚೇನೇ ಕಿರುಬೆರಳು ತೋರಿಸಿದ್ರು. “ಗುಂಡಿಗೆಯಿಂದ ಹೊರಡೋ ದೊಡ್ಡ ರಕ್ತನಾಳ ನಿನ್ನ ಹೆಂಡತಿಗೆ ಇಷ್ಟೇ ಸಣ್ಣದಪ್ಪ. ಆಪರೇಷನ್ ಮುಗಿಯೋವರೆಗೂ ಗುಂಡಿಗೆ ನಿಲ್ಲಿಸಿ, ಯಂತ್ರದಿಂದ ಅದಕ್ಕೆ ರಕ್ತ ಬಿಡ್ತೀವಿ. ಸಣ್ಣ ನಾಳದಲ್ಲಿ ಒತ್ತಡ ಬೇಗ ಏರುತ್ತೆ. ಜಾಸ್ತಿ ಏರಿದ್ರೆ ನಾಳ ಒಡೆಯುತ್ತೆ, ಒತ್ತಡ ಬಿದ್ರೆ ಜೀವಕ್ಕೇ ಕಷ್ಟ.” ಮಧ್ಯಾಹ್ನ ಒಳಗೆ ಕರ್ಕೊಂಡು ಹೋದ್ರು. ಕತ್ತಲಾದ್ರೂ ಹೊರಗೆ ತರಲಿಲ್ಲ.

ಇತ್ತ ಬಚ್ಚಪ್ಪ ಪಾಚಿ ಕಟ್ಟಿದ ಹಾಳು ಬಾವಿ ಹತ್ರ ಬಂದ. ಪೊಟ್ಟಣ ಬೆಚ್ಚಗಾಯ್ತು... ಲೊಚಕ್... ಲೊಚಕ್... ಬೆರಳ ಸಂದಿಯಿಂದ ರಕ್ತ ಇಳೀತು. ಎಲೆ ಬಿಚ್ಚಿದ. ಗುಂಡಿಗೆ ಬಡ್ಕೊಳ್ತಿತ್ತು. ಅದಕ್ಕಂಟಿದ ನಾಳ ಉಬ್ಬಿ, ಇಳಿದು, ಮತ್ತೆ ಉಬ್ಬಿ... ಕೊಯ್ದ ತುದಿಯಿಂದ ನೊರೆ. ನಾಳ ಹುಳದ ಹಾಗೆ ಬಳುಕಿ ಅವನ ಮಣಿಕಟ್ಟಿಗೆ ಅಂಟ್ಕೊಳ್ತು. ಕೊಳೆತ ಮಾಂಸದ ನಾತ.

ಕಿವಿ ಹತ್ರ ಪಿಸುಮಾತು.

“ಬಚ್ಚಾ... ಬಿಗಿ ಇಡೀಬ್ಯಾಡ ಕಣ್ಲಾ. ಒತ್ತಡ ಏರ್ತದೆ.”

“ಅಕ್ಕಾ?”

“ಬಿಡಲೂಬ್ಯಾಡ...”

ಅಕ್ಕನ ದನಿಯೇ. ಗೊತ್ತಾಯ್ತು ಅವನಿಗೆ. ಆದ್ರೂ ಹೇಸಿಗೆ ತಡೀಲಿಲ್ಲ. ಥೂ ಅಂತ ಉಗಿದು, ಕೈ ಕೊಡವಿ, ಬಾವಿಗೆ ಎಸೆದ. ಬುಳುಕ್... ಆಮೇಲೆ ಸದ್ದಿಲ್ಲ.

ಅದೇ ಹೊತ್ತಲ್ಲಿ ಡಾಕ್ಟ್ರು ಹೊರಗೆ ಬಂದ್ರು. “ಒತ್ತಡ ಚೆನ್ನಾಗೇ ನಿಂತಿತ್ತಪ್ಪ. ಒಂದೇ ಸಲಕ್ಕೆ ಬಿದ್ದೋಯ್ತು. ಯಾಕೋ ಗೊತ್ತಾಗ್ಲಿಲ್ಲ.”

ಹೆಣ ಊರಿಗೆ ತಂದೆ. ಬಚ್ಚಪ್ಪ ಕಾಲಿಗೆ ಬಿದ್ದು ಎಲ್ಲ ಹೇಳ್ದ. ಕುಡಿದಿದ್ದೀಯ, ಎದ್ದೋಗು ಅಂದೆ. ಆ ಕೈ ನನ್ನ ಮೈಗೆ ತಾಗಿದ್ದಕ್ಕೇ ಅಸಹ್ಯ ಆಯ್ತು.

ಹೆಣದ ಮೈ ತೊಳೆಯೋಕೆ ಪಕ್ಕದ ಮನೆ ಕದಿರಮ್ಮ ಬಂದಿದ್ದಳು. ನನ್ನ ಒಳಕ್ಕೆ ಕರೆದಳು.

“ಇದೇನ್ ನೋಡಣ್ಣ... ನಾನಿನ್ನೂ ನೀರೇ ಉಯ್ದಿಲ್ಲ.”

ಗಂಗರತ್ನಮ್ಮನ ಮೂಗಿನಿಂದ ನೀರು ಇಳೀತಿತ್ತು. ಹಸಿರು ನೀರು. ಪಾಚಿ ನಾತ. ಒರೆಸಿದಷ್ಟೂ ಬರ್ತಿತ್ತು. ನಂಬಿ, ಬಿಡಿ. ಒರೆಸಿದೋನು ನಾನೇ.