ಒಂದೇ ಮಣೆಯ ಮೇಲೆ ಇಟ್ಟವರು

ಈ ಸಭೆಯ ಅಧ್ಯಕ್ಷರೂ ನಮ್ಮ ಸಂಸ್ಥೆಯ ಅಧ್ಯಕ್ಷರೂ ಆದ ಶ್ರೀ ಜಗದೇವಪ್ಪನವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಕಮಲಾಪುರದಿಂದ ಬಸ್ಸು ಹಿಡಿದು ಕಲಬುರಗಿಯ ಈ ಸಭಾಂಗಣಕ್ಕೆ ಬಂದಿರುವ ತಾಯಂದಿರೇ, ಸಭಿಕರೇ, ಮತ್ತು ಮುಂದಿನ ಸಾಲಿನಲ್ಲಿ ಕೂತು ನನ್ನ ತುಟಿಯನ್ನೇ ನೋಡುತ್ತಿರುವ ನನ್ನ ಮಕ್ಕಳೇ,

ನನ್ನ ಪಕ್ಕದಲ್ಲಿ ನಿಂತು ನನ್ನ ಮಾತನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಿರುವ ಮೃದುಲಾ ಟೀಚರಿಗೆ ಮೊದಲೇ ಕ್ಷಮೆ ಕೇಳುತ್ತೇನೆ. ಇವತ್ತು ನಿಮ್ಮ ಕೈ ನೋಯುತ್ತದೆ. ನಾನು ಮೆತ್ತಗೆ ಮಾತಾಡುವವಳಲ್ಲ.

ಇದು ನನ್ನ ಬೀಳ್ಕೊಡುಗೆ. ಬೀಳ್ಕೊಡುಗೆಯಲ್ಲಿ ಹೋಗುವವರು ಅಳಬೇಕು, ಇರುವವರು ಹೊಗಳಬೇಕು. ಇರುವವರ ಪಾಲಿನ ಕೆಲಸ ಮುಗಿದಿದೆ. ನನ್ನನ್ನು ತ್ಯಾಗಮಯಿ ಎಂದರು, ಮಾತೃಸ್ವರೂಪಿ ಎಂದರು. ಅತಿಥಿಗಳೊಬ್ಬರು ನನ್ನನ್ನು ಮೌನಸೇವಕಿ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಕ್ಕವರಿಗೆ ನನ್ನ ಪರಿಚಯವಿದೆ. ಕಮಲಾಪುರದಲ್ಲಿ ಕಿವುಡ ಮಕ್ಕಳಿಗೊಂದು ಶಾಲೆ ಬೇಕೆಂದು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಕೂಗಿ ಕೂಗಿ ಒಡೆದ ಗಂಟಲು ಇದು. ಈ ಗಂಟಲಿಗೆ ಶಾಲು ಹೊದಿಸಿದಿರಿ. ಇನ್ನು ಇದು ಮಾತಾಡುತ್ತದೆ.

ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಸಂಸ್ಥೆಯ ಈ ವರ್ಷದ ಸಾಧನೆಗಳನ್ನು ಅಚ್ಚು ಹಾಕಿಸಿದ್ದಾರೆ. ಅದರಲ್ಲೊಂದು ಸಾಲು: 'ನಷ್ಟವಾಗಿದ್ದ ಮಕ್ಕಳ ಧ್ವನಿಮುದ್ರಣಗಳನ್ನು ಆಡಳಿತ ಮಂಡಳಿಯ ಮುತುವರ್ಜಿಯಿಂದ ಮರಳಿ ಪಡೆಯಲಾಯಿತು.' ಪಡೆಯಲಾಯಿತು! ಪಡೆದವರು ಯಾರು? ಕಳೆದವರು ಯಾರು? ಅಂಬಿಕಾ ಎಂಬ ಹುಡುಗಿಯ ಹೆಸರು ಈ ಪತ್ರಿಕೆಯಲ್ಲಿ ಎಲ್ಲಿದೆ? ಇಲ್ಲ. ಅವಳ ಹೆಸರು ಇನ್ನೊಂದು ಕಡೆ ಇದೆ. ನಾಳೆ ನಡೆಯುವ ಆಡಳಿತ ಮಂಡಳಿ ಸಭೆಯಲ್ಲಿ ಅವಳನ್ನು ಕೆಲಸದಿಂದ ತೆಗೆಯುವ ವಿಷಯವಿದೆ. ಮುಖ್ಯೋಪಾಧ್ಯಾಯಿನಿಯಾಗಿ ನಾನು ಅವಳ ವಿರುದ್ಧ ಹೇಳಿಕೆ ಕೊಡಬೇಕಂತೆ. ಬಹಳ ದಿನದಿಂದ ಕೇಳುತ್ತಿದ್ದಾರೆ. ಕೊಡುತ್ತೇನೆ ಸರ್, ಇಲ್ಲೇ ಕೊಡುತ್ತೇನೆ. ಎಲ್ಲರೂ ಕೇಳಲಿ.

ನಮ್ಮ ಶಾಲೆಯಲ್ಲಿ ಏನು ಮಾಡುತ್ತೇವೆಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಗು ಬಂದ ದಿನ ಅದರ ದನಿಯನ್ನು ಮುದ್ರಿಸಿಕೊಳ್ಳುತ್ತೇವೆ. ಆಗ ಅದು ಮಾತಲ್ಲ, ಬರೀ ಉಸಿರು, ಒಂದು ಕೂಗು. ಕಿವಿಗೆ ಯಂತ್ರ ಹಾಕಿ, ಕನ್ನಡಿ ಮುಂದೆ ಕೂರಿಸಿ, ಗಂಟಲ ಮೇಲೆ ಕೈ ಇಡಿಸಿ ಕಲಿಸುತ್ತೇವೆ. ಮತ್ತೆ ಮುದ್ರಿಸುತ್ತೇವೆ. ಹಳೆಯದನ್ನೂ ಹೊಸದನ್ನೂ ಕೇಳಿ ನೋಡಿದರೆ ತಿಳಿಯುತ್ತದೆ, ಮಗು ಎಲ್ಲಿ ಮುಂದೆ ಹೋಯಿತು, ಯಂತ್ರ ಎಲ್ಲಿ ಮೋಸ ಮಾಡುತ್ತಿದೆ ಎಂದು. ಹಳೆಯ ದನಿ ಹೋದರೆ ಮಗುವನ್ನು ಮತ್ತೆ ಬಾಗಿಲಲ್ಲಿ ನಿಲ್ಲಿಸಿದಂತೆ.

ಅಲ್ಲಿ ಕೂತಿದ್ದಾರಲ್ಲ, ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವ ಭಾಗಮ್ಮ, ಅವರ ಮಗಳು ಕಸ್ತೂರಿ ಆಡಿದ ಮೊದಲ ಮಾತು 'ಬಾಳಿ.' ಅದನ್ನು ಕೇಳಿಸಿದಾಗ ಭಾಗಮ್ಮ ಅತ್ತುಬಿಟ್ಟರು, ಅತ್ತು ಮುಗಿಸಿ ಜಗಳ ತೆಗೆದರು: "ಒಂಬತ್ ತಿಂಗಳ ಹೊತ್ತಾಕಿ ನಾ, ಹೆಸರು ಹಣ್ಣಿಂದು ತೊಗೋತಾಳ್ರಿ ಬಾಯೇರ! ಇಕಿಗಿ ಅವ್ವ ಅನ್ನಾದು ಯಾವಾಗ ಕಲಸ್ತೀರಿ?" ಕಲಿಸಿದೆವು ಭಾಗಮ್ಮ. ಅದೂ ಮುದ್ರಣವಾಗಿತ್ತು.

ಈ ದನಿಗಳನ್ನು ಕಾಯುವವಳು ಅಂಬಿಕಾ, ನಮ್ಮ ಕಂಪ್ಯೂಟರ್ ಆಪರೇಟರ್. ದನಿಗಳೆಲ್ಲ ಶಾಲೆಯ ಕಂಪ್ಯೂಟರಿನಲ್ಲಿದ್ದವು. ಅದರ ಒಂದು ನಕಲು ಶಾಲೆಯ ಬೀರುವಿನ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ನಕಲು ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ಸಂಸ್ಥೆಯ ಆಫೀಸಿನಲ್ಲಿ. "ಒಂದು ಊರು ಮುಳುಗಿದ್ರ ಇನ್ನೊಂದು ಊರಾಗ ಇರ್ಬೇಕ್ರಿ ಮೇಡಂ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಕಮಲಾಪುರ ಮುಳುಗುವಷ್ಟು ನೀರು ಎಲ್ಲಿಂದ ಬರಬೇಕು?

ಬಂತು. ತೆಂಗಿನಕಾಯಿಯಿಂದ ಬಂತು.

ಹೋದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅಧ್ಯಕ್ಷರ ಅಪ್ಪಣೆಯಾಯಿತು. ಸಂಸ್ಥೆಯ ಯಂತ್ರಗಳೆಲ್ಲ ಒಂದೇ ಕಡೆ ಬರಬೇಕು, ಶಾಲೆಯ ಹೊಸ ಕಂಪ್ಯೂಟರ್ ಕೋಣೆಯಲ್ಲಿ ಒಂದೇ ಪೂಜೆ. ಖೂಬಾ ಪ್ಲಾಟಿನ ಹಾರ್ಡ್‌ಡಿಸ್ಕು ಅಧ್ಯಕ್ಷರ ಕಾರಿನಲ್ಲೇ ಬಂತು. ಅಂಬಿಕಾ ಹೇಳಿದಳು, ನನ್ನೆದುರೇ ಹೇಳಿದಳು: "ಸರ್, ಎರಡೂ ಒಂದೇ ಕಡೆ ಇಡಬ್ಯಾಡ್ರಿ. ಬೇರೆಬೇರೆ ಇರ್ಲಿ ಅಂತನೇ ಎರಡು ಮಾಡೀವಿ." ಅಧ್ಯಕ್ಷರು ಹೇಳಿದರು: "ಎ ತಂಗಿ, ಒಂದಕ್ಕ ಪೂಜಾ ಮಾಡಿ ಒಂದಕ್ಕ ಬಿಟ್ರ ಅದು ಸಿಟ್ಟಾಗಂಗಿಲ್ಲೇನು?" ಎಲ್ಲರೂ ನಕ್ಕರು. ಡಿಸ್ಕುಗಳೆರಡೂ ಒಂದೇ ಮಣೆ ಏರಿದವು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಫೋಟೋದವನೊಬ್ಬನನ್ನು ಕರೆಸಿದ್ದರು. ನೀಲಿ ಲೈಟು ಹತ್ತಿದರೆ ಫೋಟೋ ಚೆಂದ ಬರುತ್ತದೆಂದು ಎರಡಕ್ಕೂ ವಯರು ಚುಚ್ಚಿ ಕಂಪ್ಯೂಟರಿಗೆ ಸೇರಿಸಿದರು. ಕುಂಕುಮ, ಚೆಂಡುಹೂ, ಎರಡು ಗೊನೆ ಕೆಂಪು ಬಾಳೆ. ಆಮೇಲೆ ಅಧ್ಯಕ್ಷರು ಮೇಜಿನ ಅಂಚಿಗೇ ಕಾಯಿ ಒಡೆದರು. ಒಳ್ಳೆಯ ಕಾಯಿ, ತುಂಬ ನೀರಿತ್ತು.

ಕಂಪ್ಯೂಟರಿನ ಪೆಟ್ಟಿಗೆಯಿಂದಲೂ ಡಿಸ್ಕುಗಳಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಲೈಟು ಆರಿಹೋಯಿತು. ಬಾಗಿಲ ಹೊರಗೆ ನಿಂತಿದ್ದ ಅಂಬಿಕಾ ಓಡಿಬಂದು ಪ್ಲಗ್ ಕಿತ್ತಳು. "ಯಾರೂ ಚಾಲೂ ಮಾಡಬ್ಯಾಡ್ರಿ! ಹಸಿ ಅದ. ಹಂಗೇ ಬಿಡ್ರಿ, ಬಲ್ಲವರ ಕೈಯಾಗ ಬಿಚ್ಚಸೂಣು." ಅಧ್ಯಕ್ಷರ ಮುಖ ಕೆಂಪಾಯಿತು. ಪೂಜೆಯಾದ ಯಂತ್ರ ಆರಿದರೆ ಅಪಶಕುನವಂತೆ. "ಏ, ಹಾಕ್ರಿ ಸ್ವಿಚ್ಚು! ನಾನ್ ಹೇಳಾಕತ್ತೀನಿ, ಹಾಕ್ರಿ!" ಯಾರೋ ಹಾಕಿದರು. ಚಟ್ ಎಂದಿತು. ಊದಿನಕಡ್ಡಿಯ ವಾಸನೆಯೊಳಗೆ ಸುಟ್ಟ ವಾಸನೆ ಬೆರೆಯಿತು. ಕಂಪ್ಯೂಟರೂ ಹೋಯಿತು, ಅದಕ್ಕೆ ಕಟ್ಟಿಹಾಕಿದ್ದ ಎರಡೂ ಡಿಸ್ಕುಗಳೂ ಹೋದವು.

ನಾನು ದೇವರ ವಿರೋಧಿಯೆಂದು ನಾಳೆ ಹೇಳುತ್ತಾರೆ. ಹೇಳಲಿ. ಪಂಚಾಂಗ ಓದಿ ಹೊಟ್ಟೆ ಹೊರೆದ ಮನೆಯಲ್ಲಿ ಹುಟ್ಟಿದವಳು ನಾನು, ಪೂಜೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೂರಿಗೆಗೆ ಕುಂಕುಮ ಹಚ್ಚುವ ರೈತನಿಗೆ ಕೂರಿಗೆ ಗೊತ್ತು. ಕತ್ತರಿಗೆ ಹೂ ಏರಿಸುವ ಸಿಂಪಿಗನಿಗೆ ಕತ್ತರಿ ಗೊತ್ತು. ಅವರು ತಮ್ಮ ಕೈಗೆ ತಾವೇ ನಮಸ್ಕಾರ ಮಾಡಿಕೊಳ್ಳುತ್ತಾರೆ, ಅದು ಪೂಜೆ. ಆ ಕಂಪ್ಯೂಟರ್ ಯಾರ ಕೈಯ ಆಯುಧ? ಅಂಬಿಕಾಳದ್ದು. ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಅವಳ ಆಯುಧಕ್ಕೆ ನೀವು ಆರತಿ ಎತ್ತಿದಿರಿ!

ಆಮೇಲೆ ರಿಪೇರಿಯ ಸಂಭ್ರಮ. ಡಿಸ್ಕುಗಳನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಅಕ್ಕಿ ನೀರು ಹೀರುತ್ತದೆಯೋ ಇಲ್ಲವೋ, ಸುಟ್ಟದ್ದನ್ನು ಹೀರುವುದಿಲ್ಲ. ಅಧ್ಯಕ್ಷರ ಅಳಿಯಂದಿರು ಸ್ಕ್ರೂ ಬಿಚ್ಚಿ ಒಳಗಿನ ಹೊಳೆಯುವ ತಟ್ಟೆಯನ್ನು ಕರವಸ್ತ್ರದಿಂದ ಒರೆಸಿದರು. ಕೊನೆಗೆ ಹೈದರಾಬಾದಿಗೆ ಒಯ್ದೆವು. ಅಲ್ಲಿಯ ಅಂಗಡಿಯವನು ನೋಡಿ ಹಣೆ ಚಚ್ಚಿಕೊಂಡ: "ನೀರು ಬಿದ್ದದ್ದು ಹಂಗೇ ತಂದಿದ್ರ ತೆಗೀಬಹುದಿತ್ತಮ್ಮಾ. ಕರೆಂಟ್ ಯಾಕ ಕೊಟ್ರಿ? ಬಿಚ್ಚಿದ್ಯಾರು? ಒರಸಿದ್ಯಾರು?" ಯಾರೆಂದು ಹೇಳಲಿ? ಸಭಿಕರೇ, ನಿಮ್ಮ ಮನೆಯಲ್ಲೂ ಇಂಥ ಡಿಸ್ಕು ಇರುತ್ತದೆ, ಮಕ್ಕಳ ಫೋಟೋ, ಮದುವೆಯ ವಿಡಿಯೋ. ನೀರು ಬಿದ್ದರೆ ಕರೆಂಟ್ ಕೊಡಬೇಡಿ, ಬಿಚ್ಚಬೇಡಿ, ಬಲ್ಲವರಲ್ಲಿಗೆ ಒಯ್ಯಿರಿ. ಅಳಿಯಂದಿರಿಗಂತೂ ಕೊಡಬೇಡಿ.

ಪೂಜೆಯ ಮರುದಿನ ದಸರೆ. ಅಧ್ಯಕ್ಷರು ಎಲ್ಲರಿಗೂ ಬನ್ನಿ ಎಲೆ ಕೊಟ್ಟರು. ಅಂಬಿಕಾಳಿಗೂ ಕೊಟ್ಟು "ಬಂಗಾರದಂಗ ಇರೂಣು" ಎಂದರು. ಅದೇ ವಾರ ಅದೇ ಕೈ ಅವಳಿಗೆ ನೋಟಿಸು ಕೊಟ್ಟಿತು. ಅದರಲ್ಲಿ ಎರಡು ಆರೋಪ. ಮಾಹಿತಿಯನ್ನು ಕಾಪಾಡಲಿಲ್ಲ ಎಂಬುದು ಒಂದು. ಸಂಸ್ಥೆಯ ಸ್ವತ್ತಾದ ಧ್ವನಿಮುದ್ರಣಗಳನ್ನು ಅನುಮತಿಯಿಲ್ಲದೆ ಪಾಲಕರ ಮೊಬೈಲಿಗೆ ಕಳಿಸಿದಳು ಎಂಬುದು ಇನ್ನೊಂದು.

ಸಂಸ್ಥೆಯ ಸ್ವತ್ತು! ಕಸ್ತೂರಿಯ ಗಂಟಲು ಯಾರ ಸ್ವತ್ತು?

ಹೌದು, ಅಂಬಿಕಾ ಕಳಿಸುತ್ತಿದ್ದಳು. ಯಾವ ಮಗುವಿನ ದನಿಯೋ ಆ ಮಗುವಿನ ಮನೆಯವರಿಗೆ ಮಾತ್ರ. ಬೇರೆ ಯಾರಿಗೂ ಅಲ್ಲ. ಮನೆಯಲ್ಲಿ ಅದನ್ನು ಕೇಳಿ ತಾಯಿ ಮಗುವಿಗೆ ಮತ್ತೆ ಅಭ್ಯಾಸ ಮಾಡಿಸಲಿ ಎಂದು. ಗುಟ್ಟಾಗಿ ಕಳಿಸಲಿಲ್ಲ, ನನ್ನನ್ನು ಕೇಳಿಯೇ ಕಳಿಸಿದಳು. ನಾನೇ "ಕಳ್ಸವಾ" ಎಂದೆ. ನೋಟಿಸು ಕೊಡುವುದಿದ್ದರೆ ನನಗೂ ಕೊಡಿ, ನನ್ನ ನಿವೃತ್ತಿಗೆ ಇವತ್ತು ಇಡೀ ದಿನ ಬಾಕಿ ಇದೆ.

ಅಧ್ಯಕ್ಷರು ಮೈಕಿನವರ ಕಡೆ ನೋಡುತ್ತಿದ್ದಾರೆ. ಬಂದ್ ಮಾಡಿಸಿ ಸರ್, ಧಾರಾಳವಾಗಿ ಮಾಡಿಸಿ. ಮುಂದಿನ ಸಾಲಿನವರಿಗೆ ಮೈಕೇ ಬೇಡ. ಅವರು ತುಟಿ ಓದುತ್ತಾರೆ. ನಾವೇ ಕಲಿಸಿದ್ದು.

ನನಗೇಕೆ ಇಷ್ಟು ಸಿಟ್ಟು ಎಂದು ನಿಮಗೆ ಅನಿಸಬಹುದು. ನಾಲ್ಕು ಡಬ್ಬಿ ದನಿ ಹೋದರೆ ಏನಾಯಿತು, ಮತ್ತೆ ಮುದ್ರಿಸಿದರಾಯಿತು ಎಂದು ಒಬ್ಬರು ನನಗೆ ಹೇಳಿದರು ಕೂಡ. ಅವರಿಗೆ ಉತ್ತರ ಇವತ್ತು ಕೊಡುತ್ತೇನೆ.

ಇಲ್ಲೇ ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ನನಗೊಬ್ಬ ತಮ್ಮನಿದ್ದ, ಬಂಡು. ಹುಟ್ಟುಕಿವುಡ. ಓಣಿಯವರು ಮೂಕ ಎನ್ನುತ್ತಿದ್ದರು. ಮೂಕನಲ್ಲ, ಅವನು ದಿನವೆಲ್ಲ ಮಾತಾಡುತ್ತಿದ್ದ. ಅವನ ಮಾತು ಒಬ್ಬರಿಗೇ ತಿಳಿಯುತ್ತಿತ್ತು, ನಮ್ಮ ತಾಯಿ ಜಾನಕೀಬಾಯಿಗೆ. ಒಳಗಿನಿಂದಲೇ ಹೇಳುತ್ತಿದ್ದಳು: "ಪದ್ಮಾ, ಬಂಡ್ಯಾ ನೀರು ಕೇಳ್ಯಾನ ನೋಡ." "ಅಂವಗ ಕಾಲು ನೋಯಾಕತ್ತದ." "ನಿನ್ನ ಹೆಸರು ಹಿಡದು ಕರಿಯಾಕತ್ತಾನ, ಓ ಅನ್ನು." ನನಗೆ ಅದು ನನ್ನ ಹೆಸರೆಂದು ಗೊತ್ತಾಗುತ್ತಿರಲಿಲ್ಲ. ನೀರು ಕೇಳಿದ್ದೂ ನನ್ನನ್ನು ಕರೆದದ್ದೂ ಒಂದೇ ಥರ ಕೇಳಿಸುತ್ತಿತ್ತು. ಅವ್ವನನ್ನು ಕೇಳಿದರಾಯಿತಲ್ಲ, ಕಲಿಯುವ ಗೊಡವೆ ಯಾಕೆ?

ಅವ್ವ ಹೋದಳು. ಅವಳು ಹೋದ ಮೇಲೂ ಬಂಡು ಬದುಕಿದ್ದ, ಮಾತಾಡುತ್ತಲೇ ಇದ್ದ. ಬಾಗಿಲಲ್ಲಿ ನಿಂತು ಗಂಟೆಗಟ್ಟಲೆ ಏನೋ ಹೇಳುತ್ತಿದ್ದ. ನೀರು ಕೊಟ್ಟರೆ ದೂಡುತ್ತಿದ್ದ. ರೊಟ್ಟಿ ಕೊಟ್ಟರೆ ದೂಡುತ್ತಿದ್ದ. ಈಗಲೂ ಒಮ್ಮೊಮ್ಮೆ... ಇರಲಿ. ಮೃದುಲಾ ಟೀಚರೇ, ಇದನ್ನು ಮಕ್ಕಳಿಗೆ ಹೇಳಬೇಡಿ.

ಇಲ್ಲ, ಹೇಳಿ. ಅವರಿಗಲ್ಲದೆ ಇನ್ನಾರಿಗೆ ಹೇಳುವುದು?

ಒಂದು ಭಾಷೆಗೆ ಒಬ್ಬಳೇ ಒಡತಿ ಇದ್ದಳು, ಅವಳು ಸತ್ತಳು, ಭಾಷೆ ಸತ್ತಿತು. ಆ ಮನೆಯಲ್ಲಿ ಯಾರೂ ಎರಡನೆಯ ಪ್ರತಿ ಇಡಲಿಲ್ಲ. ಅದಕ್ಕೇ ನಾನು ಅಂಬಿಕಾಳಿಗೆ "ಕಳ್ಸವಾ" ಎಂದದ್ದು.

ನೋಟಿಸು ಕೈಗೆ ಬಂದ ಮೇಲೆ ಆ ಹುಡುಗಿ ಏನು ಮಾಡಿದಳು ಗೊತ್ತೇ? ಮನೆಯಲ್ಲಿ ಕೂತು ಅಳಲಿಲ್ಲ. ಕಮಲಾಪುರದಲ್ಲಿ, ಹಳ್ಳಿಗಳಲ್ಲಿ, ಗಾಜಿಪುರದಲ್ಲಿ ಮನೆಮನೆಗೆ ಹೋದಳು. ತಾಯಂದಿರ ಮೊಬೈಲುಗಳನ್ನು ಕೇಳಿ ಪಡೆದು, ಅವರ ಕಣ್ಣೆದುರೇ ಅವರ ಮಗುವಿನ ದನಿಯನ್ನಷ್ಟೇ ತೆಗೆದುಕೊಂಡಳು. ಭಾಗಮ್ಮನ ಮೊಬೈಲಿನಲ್ಲಿ ಕಸ್ತೂರಿಯ 'ಬಾಳಿ' ಸಿಕ್ಕಿತು, 'ಅವ್ವ' ಸಿಕ್ಕಿತು. ಮೊಮ್ಮಗನನ್ನು ಕರೆತರುವ ಇಕ್ಬಾಲ್ ಬೇಗಂ ಅಜ್ಜಿಯ ಮೊಬೈಲು ತುಂಬಿ ಬಿರಿಯುತ್ತಿತ್ತು. ಮಗ ಎಲ್ಲವನ್ನೂ ಅಳಿಸಲು ಹೇಳಿದ್ದನಂತೆ. ಅಜ್ಜಿ ಅವನ ಫೋಟೋಗಳನ್ನೆಲ್ಲ ಅಳಿಸಿ ಮೊಮ್ಮಗನ ದನಿ ಇಟ್ಟುಕೊಂಡಿದ್ದರು. "ಅಂವ ಹೆಂಗೂ ಮನ್ಯಾಗೇ ಬಿದ್ದಿರ್ತಾನ ಬೇಟೀ, ಫೋಟೋ ಯಾಕ ಬೇಕು?"

ಸುಳ್ಳು ಹೇಳಲಾರೆ, ಎಲ್ಲವೂ ಸಿಗಲಿಲ್ಲ. ಕೆಲವರ ಮೊಬೈಲು ಕಳೆದಿತ್ತು, ಕೆಲವರದು ಒಡೆದಿತ್ತು. ದುಡಿಯಲು ಮುಂಬಯಿಗೆ ಹೋದವರ ಮಗ ಬಂದೇನವಾಜ್, ಅವನದು ಒಂದೂ ಸಿಗಲಿಲ್ಲ. ಅವನ ಹೆಸರಿನ ಜಾಗವನ್ನು ಅಂಬಿಕಾ ಖಾಲಿಯೇ ಇಟ್ಟಿದ್ದಾಳೆ, ಅಳಿಸಿಲ್ಲ. ಸಿಕ್ಕಷ್ಟಾದರೂ ಹೇಗೆ ಸಿಕ್ಕಿತು? ಯಾವುದನ್ನು ಅಪರಾಧ ಎಂದು ಬರೆದಿರೋ ಆ ಅಪರಾಧದಿಂದ ಸಿಕ್ಕಿತು. ನೀವು ಬೀಗ ಹಾಕಿ ಇಟ್ಟದ್ದು ಸುಟ್ಟಿತು. ಅವಳು ಹಂಚಿದ್ದು ಉಳಿಯಿತು. ಉಳಿದದ್ದನ್ನು ನಿಮ್ಮ ಸಾಧನೆಯೆಂದು ಅಚ್ಚು ಹಾಕಿಸಿದಿರಿ, ಉಳಿಸಿದವಳನ್ನು ನಾಳೆ ಮನೆಗೆ ಕಳಿಸುತ್ತೀರಿ!

ಇದೇ ನನ್ನ ಹೇಳಿಕೆ. ಬರೆದು ಕೊಟ್ಟಿದ್ದರೆ ಅದು ನಿಮ್ಮ ಬೀರುವಿನಲ್ಲಿ ಒಂದೇ ಪ್ರತಿಯಾಗಿ ಬಿದ್ದಿರುತ್ತಿತ್ತು. ಈಗ ನೋಡಿ, ಸಭಾಂಗಣದ ತುಂಬ ಪ್ರತಿಗಳಿವೆ. ಯಾವ ಕಾಯಿ ಒಡೆದು ಇದನ್ನು ಸುಡುತ್ತೀರಿ? ನೀವು ಹೊದಿಸಿದ ಶಾಲನ್ನು ಈ ಮೇಜಿನ ಮೇಲೆ ಇಡುತ್ತಿದ್ದೇನೆ. ಅಂಬಿಕಾಳ ನೋಟಿಸು ಹಿಂದೆ ಪಡೆದ ದಿನ ಅವಳ ಕೈಯಲ್ಲೇ ಕಳಿಸಿಕೊಡಿ, ಹೊದ್ದುಕೊಳ್ಳುತ್ತೇನೆ.

ಮಕ್ಕಳೇ, ಒಂದು ಪ್ರಶ್ನೆ. ಅಂಬಿಕಾ ಟೀಚರ್ ಶಾಲೆಯಲ್ಲಿ ಇರಬೇಕೋ ಬೇಡವೋ? ಅವರನ್ನು ನೀವು ಟೀಚರ್ ಎಂದೇ ಕರೆಯುತ್ತೀರಿ, ಸಂಸ್ಥೆ ಕರೆಯದಿದ್ದರೇನು.

ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಈ ಮಕ್ಕಳು ಚಪ್ಪಾಳೆ ತಟ್ಟುವುದಿಲ್ಲ. ಎರಡೂ ಕೈ ಮೇಲೆತ್ತಿ ಆಡಿಸುತ್ತಾರೆ. ಅಗೋ, ಎತ್ತಿದರು. ಕಸ್ತೂರಿ ಕುರ್ಚಿ ಹತ್ತಿ ನಿಂತಳು. ಭಾಗಮ್ಮನೂ ಎತ್ತಿದರು. ಇಕ್ಬಾಲ್ ಬೇಗಂ ಅಜ್ಜಿ ಒಂದು ಕೈಯಲ್ಲಿ ಮೊಬೈಲು ಹಿಡಿದೇ ಎತ್ತಿದ್ದಾರೆ. ಹಿಂದಿನ ಸಾಲು, ಅದರ ಹಿಂದಿನದು... ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ಇದು ಕೇಳಿಸುವುದಿಲ್ಲ, ನೋಡಬೇಕು. ನಾಳೆಯ ಸಭೆಯಲ್ಲಿ ಯಾರೂ ಮಾತಾಡಲಿಲ್ಲ ಎಂದು ಬರೆಸುವ ಮುನ್ನ ಇದನ್ನು ಒಮ್ಮೆ ನೋಡಿಕೊಳ್ಳಿ.

ಕೈ ಇಳಿಸಬೇಡಿ ಮಕ್ಕಳೇ, ಅವರು ತಲೆ ಎತ್ತುವವರೆಗೂ ಇಳಿಸಬೇಡಿ.

ಇಷ್ಟು ಹೊತ್ತು ನನ್ನನ್ನು ಸಹಿಸಿದ ಅತಿಥಿಗಳಿಗೆ, ಮೈಕನ್ನು ಕೊನೆಗೂ ಬಂದ್ ಮಾಡದ ಆ ತಮ್ಮನಿಗೆ, ಕೈ ಸೋತರೂ ಒಂದು ಮಾತನ್ನೂ ಬಿಡದ ಮೃದುಲಾ ಟೀಚರಿಗೆ, ಮತ್ತು ಬಾಗಿಲ ಹತ್ತಿರ ನಿಂತು ಅಳುತ್ತಿರುವ, ಒಳಗೆ ಬಂದು ಕೂರಬೇಕಾದ ಅಂಬಿಕಾಳಿಗೆ ನನ್ನ ಕೃತಜ್ಞತೆ. ಬಾ ಅಂಬಿಕಾ, ನನ್ನ ಕುರ್ಚಿ ಖಾಲಿ ಇದೆ.

ನಮಸ್ಕಾರ.