ಹೋಲ್ಡ್ ತಗೀರಿ

ಇದು ನಮ್ಮ ಹಗರಿಬೊಮ್ಮನಹಳ್ಳಿಯಲ್ಲೇ ನಡೆದದ್ದು. ಪಕ್ಕದ ಮನೆಯ ರಫೀಕನಿಗೇ ಆದದ್ದು. ನಗೋರು ಈಗಲೇ ನಕ್ಕು ಮುಗಿಸಿ.

ಅವತ್ತು ಸರಿರಾತ್ರಿ. ಸ್ಟೇಷನ್ ಹಿಂದಿನ ಹಾಳುಬಾವಿ ದಾರಿಯಲ್ಲಿ ರಫೀಕ್ ಒಬ್ಬನೇ ಮನೆಗೆ ಹೊರಟಿದ್ದ. ಕೆಲಸ ಅವತ್ತೂ ಆಗಿರಲಿಲ್ಲ... ಆಗಲಿಲ್ಲ ಅನ್ನೋದಕ್ಕಿಂತ ಮಾಡೋಕೆ ಕೈ ಬಂದಿರಲಿಲ್ಲ.

ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಕಾವಲಿದ್ದ ಫೈರ್‌ವಾಲ್ ಪೆಟ್ಟಿಗೆಯನ್ನು ಅವನೂ ಹೆಂಡತಿ ಶಬ್ನಮ್ಮೂ ಸೇರಿ ಕೂರಿಸಿದ್ದರು. ಗಂಡನನ್ನು ಕಾಡಿಸೋಕೆ ಅಂತಲೇ ಅವಳು ತಾನು ಬರೆದ ಪುಟ್ಟ ಪ್ರೋಗ್ರಾಮಿನ ಪ್ಯಾಕೇಜ್ ಒಂದನ್ನು ಅದರೊಳಗೆ ಹಾಕಿದ್ದಳು. ಅವನು ಲಾಗಿನ್ ಆದಾಗಲೆಲ್ಲ ಪರದೆ ಮೇಲೆ ಒಂದು ಸಾಲು ಬರೋದು: 'ಉಂಡು ಬಂದ್ರೋ, ಹಂಗ ಬಂದ್ರೋ?' ಡೆಂಗಿ ಜ್ವರದಲ್ಲಿ ಶಬ್ನಮ್ ಹೋದಳು. ಸಾಲು ಉಳಿಯಿತು.

ಆ ಪ್ಯಾಕೇಜ್ ನಡೆಯೋಕೆ ಒಂದು ಹಳೇ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಬೇಕು. ಪೆಟ್ಟಿಗೆಯ ಉಳಿದ ಪ್ಯಾಕೇಜುಗಳಿಗೆಲ್ಲ ಅದೇ ಲೈಬ್ರರಿಯ ಹೊಸ ಆವೃತ್ತಿ ಬೇಕು. ಎರಡೂ ಒಟ್ಟಿಗೆ ಬಾಳವು. ರಫೀಕ್ ಹಳೆಯದಕ್ಕೆ 'ಹೋಲ್ಡ್' ಹಾಕಿ, ಬದಲಾಗದಂತೆ ಹಿಡಿದಿಟ್ಟ. ಅಲ್ಲಿಂದ ಹೊಸದೇನೂ ಕೂರದೆ ಫೈರ್‌ವಾಲೇ ಹಳತಾಗುತ್ತ ಹೋಯಿತು. ಕಳ್ಳರು ಒಳಗೆ ನುಗ್ಗೋಕೆ ನೋಡ್ತಿದಾರೆ, ಇವತ್ತು ಸರಿಮಾಡಲೇಬೇಕು ಅಂತ ಡಾಕ್ಟರು ಹೇಳಿದ್ದರು. ಸರಿಮಾಡೋಕೆ ಕೂತರೆ, ಅವಳ ಪ್ಯಾಕೇಜ್ ತೆಗೆಯಲೇ ಅಂತ ಯಂತ್ರ ಕೇಳಿತು. ಅವನು ಉತ್ತರ ಕೊಡದೆ ಎದ್ದು ಬಂದಿದ್ದ. ಹುಚ್ಚು ಅನ್ನಿ, ಏನಾದರೂ ಅನ್ನಿ. ಕಳಕೊಂಡವನಿಗೇ ಗೊತ್ತು.

ಬಾವಿ ಹತ್ತಿರ... ಕಿರ್ರ್... ಕಿರ್ರ್... ರಾಟೆ ತಿರುಗಿದ ಸದ್ದು. ಆ ಬಾವಿಗೆ ರಾಟೆಯೇ ಇಲ್ಲ.

"ರೀ..."

ರಾತ್ರಿ ಹೊತ್ತು ಒಂದೇ ಸಲ ಕರೆದರೆ ಓ ಅನ್ನಬಾರದು, ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಆ ದನಿ ಕೇಳಿ ಅವನು ಹೇಗೆ ಸುಮ್ಮನಿದ್ದಾನು? ಪಾಪ, "ಓ" ಅಂದುಬಿಟ್ಟ.

"ಹೋಲ್ಡ್ ತಗೀರಿ."

"ತಗದ್ರ... ನೀನು?"

"ಹೋಗ್ತೀನ್ರಿ. ಭಾಳ ದಿನ ಹಿಡಕಂಡ್ರಿ... ಸಾಕಾಗೈತಿ."

ಸದ್ದು ನಿಂತಿತು.

ರಫೀಕ್ ಆಸ್ಪತ್ರೆಗೆ ವಾಪಸ್ ಹೋದ. ಕಾವಲಿನ ಗಾದೆಪ್ಪ ಬಾಗಿಲು ತೆಗೆಯುತ್ತ, "ಏನರ ಮರತ್ರ್ಯಾ ಸಾಬ್ರ?" ಅಂದ.

"ಇಲ್ಲ ಗಾದೆಪ್ಪ. ಮರಿಯಾಕ ಆಗವಲ್ದು."

ಹೋಲ್ಡ್ ತೆಗೆದ. ಯಂತ್ರ ಮತ್ತೆ ಕೇಳಿತು. ಹೌದು ಅಂತ ಒತ್ತಿದ... ಟಕ್. ಹೊಸ ಪ್ಯಾಕೇಜುಗಳು ಒಂದೊಂದಾಗಿ ಸಲೀಸಾಗಿ ಕೂತವು. ಪೆಟ್ಟಿಗೆಯ ಫ್ಯಾನ್ ಗುಂಯ್ ಅಂದು, ಆಮೇಲೆ ಮೆತ್ತಗಾಯಿತು. ಮತ್ತೆ ಲಾಗಿನ್ ಆಗಿ ನೋಡಿದ. ಸಾಲು ಬರಲಿಲ್ಲ. ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ನಸುಕಿನಲ್ಲಿ ಮನೆಗೆ ಬಂದರೆ ತಾಯಿ ಅಜೀಜಬಿ ಹೊಸ್ತಿಲಲ್ಲಿ ಕೂತಿದ್ದಳು.

"ಈಗ ಹೋದ್ಲು ನೋಡು," ಅಂದಳು ಮೆಲ್ಲಗೆ. "ನಿನ್ನ ಬೈಬ್ಯಾಡ ಅಂತ ಹೇಳಿ ಹೋದ್ಲು."

ಅಜೀಜಬಿಗೆ ಕೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಸೊಸೆ ಹೋದ ಮೇಲೆ ಅವಳ ತಲೆಯನ್ನು ನೆಟ್ಟಗೆ ಬಾಚಿದವರಿಲ್ಲ. ಮನೆಯಲ್ಲಿ ಬೇರೆ ಹೆಣ್ಣೂ ಇಲ್ಲ. ಸುಳ್ಳಲ್ಲ, ಬೇಕಾದರೆ ಹಾಲು ಹಾಕುವ ಭರಮಮ್ಮನನ್ನು ಕೇಳಿ, ಅವಳೂ ನೋಡಿದ್ದಾಳೆ... ಅವತ್ತು ಬೆಳಗ್ಗೆ ಮುದುಕಿಗೆ ಜಡೆ ಹೆಣೆದಿತ್ತು. ಹಚ್ಚಿದ ಎಣ್ಣೆ ಇನ್ನೂ ಹಸಿಯಾಗಿತ್ತು.