ಬುಗುರಿಯ ಎಡಗಣ್ಣು

ಪತ್ರಿಕೆಯಲ್ಲಿ ‘ಮೂಲೆ ಬಾವುಟ’ ಎಂಬ ಹೆಸರಿನಿಂದ ಬರೆಯುವವಳೂ, ವಯಸ್ಸು ನಲವತ್ತೇಳು, ಉದ್ಯೋಗ ಅಚ್ಚುಕೂಟದಲ್ಲಿ ಪ್ರೂಫ್ ನೋಡುವುದು, ವಾಸ ಬಸ್ ಡಿಪೋ ಹಿಂದಿನ ರಸ್ತೆಯಲ್ಲಿ ಟೈಲರ್ ಅಂಗಡಿಯ ಮೇಲಿನ ಎರಡನೇ ಮಹಡಿ, ಆದ ನಾನು ಈ ದಿನ ಶುಕ್ರವಾರ ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಬುಧವಾರ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ನಾನು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜವಿತ್ತು. ಉಳಿದದ್ದನ್ನು ಈಗ ಹೇಳುತ್ತಿದ್ದೇನೆ.

ಬರೆದುಕೊಳ್ಳುತ್ತಿರುವ ಪೇದೆಯವರು ನನ್ನ ವಾಕ್ಯಗಳನ್ನು ಮೊಟಕು ಮಾಡಬಾರದೆಂದು ಕೇಳಿಕೊಂಡಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ತಪ್ಪು ತಿದ್ದಿ ಹೊಟ್ಟೆ ಹೊರೆದವಳು ನಾನು. ನನ್ನ ತಪ್ಪು ಕಾಗದದ ಮೇಲೆ ಇದ್ದ ಹಾಗೆಯೇ ಬೀಳಬೇಕು. ಪೇದೆಯವರು ಹಾಗಾದರೆ ನಿಧಾನವಾಗಿ ಹೇಳಿ ಎಂದಿದ್ದಾರೆ.

ನಾಲ್ಕು ತಿಂಗಳ ಹಿಂದೆ, ನಮ್ಮಲ್ಲೇ ಅಚ್ಚಾಗುವ ಕ್ರೀಡಾ ವಾರಪತ್ರಿಕೆಯ ಸಂಪಾದಕರು ಫುಟ್‌ಬಾಲ್ ಆಟಗಾರನೊಬ್ಬನ ಕಥೆಯನ್ನು ಧಾರಾವಾಹಿಯಾಗಿ ಬರೆಯಲು ನನಗೆ ಹೇಳಿದರು. ನಾನು ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಒದ್ದವಳಲ್ಲ. ಆದರೆ ಹನ್ನೆರಡು ವರ್ಷದಿಂದ ಒಂದು ಪಂದ್ಯವನ್ನೂ ಬಿಟ್ಟವಳಲ್ಲ. ಸಂಪಾದಕರು, ನಾಯಕ ಹಿಟ್ಟಿನ ಗೊಂಬೆಯ ಹಾಗಿರಬಾರದು, ಇವನನ್ನು ಎಲ್ಲೋ ನೋಡಿದ್ದೇವಲ್ಲ ಎಂದು ಓದುಗರಿಗೆ ಅನ್ನಿಸಬೇಕು, ಆದರೆ ಇಂಥವನೇ ಎಂದು ಬೊಟ್ಟು ಮಾಡಲು ಆಗಬಾರದು ಎಂದು ತಿಳಿಸಿದರು. ಅದಕ್ಕೆ ನಾನು ನಿಜವಾದ ಮೂವರು ಆಟಗಾರರನ್ನು ಸೇರಿಸಿ ಒಬ್ಬನನ್ನು ಮಾಡಿದೆ. ಅವನಿಗೆ ಬುಗುರಿ ಎಂದು ಹೆಸರಿಟ್ಟೆ.

ಬುಗುರಿಯ ಕಾಲು ಈಗ ಕೋಚ್ ಆಗಿರುವ ಒಬ್ಬ ಹಳೆಯ ಆಟಗಾರರದು. ಬುಗುರಿಯ ಸಿಟ್ಟು, ಎಲ್ಲರೂ ‘ಗೋಡೆ’ ಎಂದು ಕರೆಯುವ ಎದುರು ಕ್ಲಬ್ಬಿನ ಡಿಫೆಂಡರನದು. ಗೋಡೆಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಬಗ್ಗಿ, ಸರಿಯಾಗಿಯೇ ಇರುವ ಎಡಗಾಲಿನ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಆಮೇಲೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಒಂಬತ್ತು ಪಂದ್ಯಗಳಲ್ಲಿ ನಾನು ಇದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಬುಗುರಿಯ ಕಣ್ಣು ನನ್ನ ತಂಗಿಯ ಗಂಡನದು. ಅವರಿಗೆ ಇಪ್ಪತ್ತೊಂಬತ್ತು ವರ್ಷ, ಎಂಟನೇ ನಂಬರಿನ ಅಂಗಿ ತೊಟ್ಟು ಮೈದಾನದ ನಡುಭಾಗದಲ್ಲಿ ಆಡುವವರು. ಬುಧವಾರ ನಾನು, ಕಾಲು ಮತ್ತು ಸಿಟ್ಟು ನಿಜ, ಕಣ್ಣು ಮಾತ್ರ ನನ್ನ ಕಲ್ಪನೆ ಎಂದಿದ್ದೆ. ಅದು ಸುಳ್ಳು.

ಆ ಕಣ್ಣಿನ ವಿಷಯ ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ, ಒಂದು ಭಾನುವಾರ. ತಂಗಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವರ ಎಡಕ್ಕೆ ನೀರಿನ ಲೋಟ ಇಟ್ಟೆ. ಮೊಣಕೈ ತಾಗಿ ಬಿತ್ತು. ಇನ್ನೊಂದು ಇಟ್ಟೆ, ಅದೂ ಬಿತ್ತು. ಮದುವೆಯಾಗಿ ಮೂರು ವರ್ಷವಾದರೂ ಗಂಡನಿಗೆ ಊಟ ಮಾಡಲು ಕಲಿಸಲಿಲ್ಲವೇ ಎಂದು ತಂಗಿಯನ್ನು ರೇಗಿಸಿದೆ. ಇಬ್ಬರೂ ನಗಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ತಂಗಿ, ಮಾತು ಹೊರಗೆ ಕೇಳದಿರಲೆಂದು ನಲ್ಲಿಯನ್ನು ಜೋರಾಗಿ ಬಿಟ್ಟು, ಹತ್ತೊಂಬತ್ತನೇ ವಯಸ್ಸಿನಲ್ಲಿ ಚೆಂಡು ಬಡಿದು ಅವರ ಎಡಗಣ್ಣು ಹೋಗಿದೆ, ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ತಿಳಿಸಿದಳು. ಪ್ರತಿ ವರ್ಷದ ತಪಾಸಣೆಯಲ್ಲಿ ಬಲಗಣ್ಣಿನಿಂದ ನೋಡಿದ ಅಕ್ಷರಗಳನ್ನೇ ಬಾಯಿಪಾಠ ಮಾಡಿಕೊಂಡು ಎಡಗಣ್ಣಿನ ಸರದಿ ಬಂದಾಗ ಒಪ್ಪಿಸುತ್ತಾರೆ ಎಂದೂ ಹೇಳಿದಳು. ಚೆಂಡು ಕಾಲಿಗೆ ಬರುವ ಮುನ್ನ ಅವರು ಇಡೀ ತಲೆಯನ್ನು ಎಡಕ್ಕೆ ತಿರುಗಿಸುವುದನ್ನು ಜನ ಗತ್ತು ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ತಂಗಿಯ ಒದ್ದೆ ಕೈ ಹಿಡಿದು ಮಾತು ಕೊಟ್ಟೆ. ಬಾಯಿ ಬಿಡಲಿಲ್ಲ. ಬರೆದೆ.

ಹನ್ನೊಂದನೇ ಕಂತಿನ ಹೊತ್ತಿಗೆ ಕಥೆ ಸಪ್ಪೆಯಾಗಿತ್ತು. ಬುಗುರಿಗೆ ಒಂದು ಕಣ್ಣು ಕಾಣುವುದಿಲ್ಲ, ಅದಕ್ಕೇ ಅವನು ಸುತ್ತುತ್ತಾನೆ ಎಂದು ಬರೆದೆ. ಗುರುತು ಸಿಗಬಾರದೆಂದು ಅವನನ್ನು ಎತ್ತರ ಮಾಡಿದೆ, ಫಾರ್ವರ್ಡ್ ಮಾಡಿದೆ, ಮದುವೆಯಾಗದವನನ್ನಾಗಿ ಮಾಡಿದೆ. ಕೈಬರಹದಲ್ಲಿ ಬಲಗಣ್ಣು ಎಂದೇ ಬರೆದಿದ್ದೆ. ಮಂಗಳವಾರ ಸಂಜೆ 4 ಗಂಟೆ 40 ನಿಮಿಷಕ್ಕೆ ಅದರ ಪ್ರೂಫ್ ನನ್ನ ಮೇಜಿಗೇ ಬಂತು. ಬಲಕ್ಕೆ ತಿರುಗುವವನನ್ನು ನಾನು ಕಂಡಿರಲಿಲ್ಲ. ವಾಕ್ಯಕ್ಕೆ ಜೀವ ಇರಲಿಲ್ಲ. ಕೆಂಪು ಶಾಯಿಯಲ್ಲಿ ಆರು ಕಡೆ ಬಲ ಎಂಬುದನ್ನು ಹೊಡೆದುಹಾಕಿ ಎಡ ಎಂದು ಮಾಡಿದೆ. ಕೂಡಲೇ ಬುಗುರಿ ಎದ್ದು ಓಡಾಡಿದ. ನನಗೆ ಬಹಳ ಖುಷಿಯಾಯಿತು. ಮೂವರನ್ನು ಕಲಸಿದ ಮೇಲೆ ಯಾರಿಗೆ ಗುರುತು ಹತ್ತುತ್ತದೆ ಎಂದುಕೊಂಡಿದ್ದೆ. ಆ ಪ್ರೂಫ್ ಹಾಳೆಯನ್ನು ಈ ಹೇಳಿಕೆಯ ಜೊತೆಗೆ ಒಪ್ಪಿಸಿದ್ದೇನೆ. ತಂಗಿ ನನ್ನ ಕಥೆಗಳನ್ನು ಓದುವವಳಲ್ಲ. ಅವಳಿಗೆ ನಾನು ಕೊಟ್ಟ ಮಾತೇ ಸಾಕಾಗಿತ್ತು.

ಪಂದ್ಯಕ್ಕೆ ಹದಿನಾರು ದಿನ ಮೊದಲು, ಶುಕ್ರವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಅಚ್ಚುಕೂಟದ ಫೋನಿಗೆ ಗೋಡೆಯಿಂದ ಕರೆ ಬಂತು. ಇದನ್ನೂ ಬುಧವಾರ ಮುಚ್ಚಿಟ್ಟಿದ್ದೆ. ಆತ ನಗುತ್ತಾ, ಮೇಡಂ, ಆ ಶೂ ಲೇಸ್ ನಂದೇ ಅಲ್ಲವೇ ಎಂದು ಕೇಳಿದ. ತಮ್ಮ ತಂಡದವರೆಲ್ಲ ಪ್ರತಿ ಗುರುವಾರ ಬುಗುರಿಯನ್ನು ಓದುತ್ತಾರೆ ಎಂದ. ನಾನು ಉಬ್ಬಿಹೋದೆ. ಕಾಲು ಯಾರದು ಎಂದು ಕೇಳಿದ, ಹೇಳಿದೆ. ಕಣ್ಣು ಯಾರದು ಎಂದು ಕೇಳಿದ. ಅದೊಂದು ಬೇಡ ಬಿಡಿ ಎಂದೆ. ಆಗ ಆತ, ಹಾಗಾದರೆ ಅದು ಸುಮ್ಮನೆ ಕಟ್ಟಿದ್ದು ಇರಬೇಕು, ಒಂದು ಕಣ್ಣಿನವನು ಈ ಮಟ್ಟದಲ್ಲಿ ಆಡುವುದು ಎಲ್ಲಾದರೂ ಉಂಟೇ ಎಂದ. ಹೌದು ಕಟ್ಟಿದ್ದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಎರಡೇ ಪದ. ನನ್ನ ಬರಹವನ್ನು ಸುಮ್ಮನೆ ಕಟ್ಟಿದ್ದು ಎಂದದ್ದು ನನಗೆ ತಡೆಯಲಿಲ್ಲ. ನಾನು ಅಂದದ್ದು ಇದು: “ನನ್ನ ಬುಗುರಿಯಲ್ಲಿ ಎಲ್ಲವೂ ಕಣ್ಣಾರೆ ಕಂಡದ್ದು. ಹುಟ್ಟಿಸಿಕೊಂಡು ಬರೆದದ್ದು ಒಂದೂ ಇಲ್ಲ.” ಆತ ಥ್ಯಾಂಕ್ಸ್ ಎಂದು ಫೋನ್ ಇಟ್ಟ. ತನ್ನ ಲೇಸ್ ನಿಜವಾಗಿದ್ದರೆ ಕಣ್ಣೂ ಯಾರದ್ದಾದರೂ ಆಗಿರಲೇಬೇಕೆಂದು ಆತನಿಗೆ ನಾನೇ ಹೇಳಿಕೊಟ್ಟ ಹಾಗಾಯಿತು. ಇಡೀ ತಲೆಯನ್ನು ಎಡಕ್ಕೆ ತಿರುಗಿಸಿ ಆಡುವವರು ಎಲ್ಲ ತಂಡ ಸೇರಿ ಒಬ್ಬರೇ.

ಕಳೆದ ಭಾನುವಾರ ಮಧ್ಯಾಹ್ನ 3 ಗಂಟೆ 30 ನಿಮಿಷಕ್ಕೆ ಪಂದ್ಯ ಶುರುವಾಯಿತು. ನಾನು ಪೂರ್ವದ ಗ್ಯಾಲರಿಯ ಆರನೇ ಸಾಲಿನಲ್ಲಿ, ಅಂಚಿನ ಗೆರೆಯಿಂದ ಸುಮಾರು ಮೂವತ್ತು ಅಡಿ ದೂರದಲ್ಲಿ ಕೂತಿದ್ದೆ. ಯಾವಾಗಲೂ ಗೋಲಿನ ಮುಂದೆ ನಿಲ್ಲುವ ಗೋಡೆ ಅಂದು ಮೊದಲ ನಿಮಿಷದಿಂದ ಎಂಟನೇ ನಂಬರಿನ ಎಡಪಕ್ಕಕ್ಕೇ ಅಂಟಿಕೊಂಡಿದ್ದ. 4 ಗಂಟೆ 2 ನಿಮಿಷಕ್ಕೆ ನನ್ನ ತಂಗಿಯ ಗಂಡ ಆತನ ಎರಡು ಕಾಲುಗಳ ನಡುವಿನಿಂದ ಚೆಂಡು ದಾಟಿಸಿದರು. ಗ್ಯಾಲರಿಯೆಲ್ಲ ನಕ್ಕಿತು. ಗೋಡೆ ಬಗ್ಗಿ ಎಡಗಾಲಿನ ಲೇಸ್ ಬಿಚ್ಚಿ ಕಟ್ಟಿದ. ನಾನು ಎದ್ದು ನಿಂತು, ಎಡಕ್ಕೆ ನೋಡಿ, ಎಡಕ್ಕೆ ನೋಡಿ ಎಂದು ಕೂಗತೊಡಗಿದೆ. ಪಕ್ಕದವರು ಕೂತುಕೊಳ್ಳಮ್ಮಾ ಎಂದು ಗದರಿದರು.

4 ಗಂಟೆ 6 ನಿಮಿಷಕ್ಕೆ ಚೆಂಡು ಗೆರೆಯಿಂದ ಹೊರಗೆ ಹೋಗುತ್ತಿತ್ತು. ಅದಕ್ಕೂ ಗೋಡೆಗೂ ಹದಿನೈದು ಅಡಿ ಅಂತರವಿತ್ತು. ಆತ ಚೆಂಡಿನ ಕಡೆಗೆ ಹೋಗಲಿಲ್ಲ. ಮೊಣಕೈ ಎತ್ತಿಕೊಂಡು ತಂಗಿಯ ಗಂಡನ ಎಡದಿಂದ ಬಂದ. ಅವರು ಕೊನೆಯ ಗಳಿಗೆಯಲ್ಲಿ ಇಡೀ ತಲೆಯನ್ನು ಎಡಕ್ಕೆ ತಿರುಗಿಸಿದರು. ಹಾಗೆ ತಿರುಗಿದ್ದರಿಂದ ಮೊಣಕೈ ಬಡಿದದ್ದು ಬಲಗಣ್ಣಿಗೆ, ಕಾಣುವ ಕಣ್ಣಿಗೆ. ರೂಢಿಯಂತೆ ತಿರುಗಿದರೋ ನನ್ನ ಕೂಗು ಕೇಳಿ ತಿರುಗಿದರೋ ನನಗೆ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯ ನನಗಿಲ್ಲ.

ಅದೇ ಸಂಜೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಒಂದು ಕಣ್ಣು ಅಲುಗಿದರೆ ಇನ್ನೊಂದೂ ಅಲುಗುತ್ತದೆಂದು ಎರಡಕ್ಕೂ ಕಟ್ಟು ಹಾಕಿದ್ದಾರೆ. ಎಡಗಣ್ಣಿನದು ಹಳೆಯ ಪೆಟ್ಟು ಎಂದು ಡಾಕ್ಟರಿಗೆ ಗೊತ್ತಾಗಿದೆ, ಆದರೆ ಕ್ಲಬ್ಬಿನವರು ಕೇಳದೆ ತಾವಾಗಿ ಹೇಳುವುದಿಲ್ಲ ಎಂದು ಅವರು ತಂಗಿಗೆ ತಿಳಿಸಿದ್ದಾರಂತೆ. ಕಟ್ಟು ಬಿಚ್ಚುವುದು ನಾಳೆ ಬೆಳಿಗ್ಗೆ 9 ಗಂಟೆಗೆ. ಬಲಗಣ್ಣು ಕಾಣುತ್ತದೋ ಇಲ್ಲವೋ ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲ.

ಬುಧವಾರ 11 ಗಂಟೆ 15 ನಿಮಿಷಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ಅಚ್ಚುಕೂಟಕ್ಕೆ ಬಂದರು. ತಂಗಿಯ ಗಂಡನ ಕ್ಲಬ್ಬಿನವರು ಕೊಟ್ಟ ದೂರಿನ ಮೇಲೆ ಹುಡುಕಿದಾಗ ಗೋಡೆ ತನ್ನ ಆಟದ ಬಟ್ಟೆ ಇಡುವ ಬೀರುವಿನೊಳಗೆ ಹನ್ನೊಂದನೇ ಕಂತಿನ ತುಂಡು ಅಂಟಿಸಿದ್ದು ಸಿಕ್ಕಿದೆ ಎಂದು ಅದನ್ನು ತೋರಿಸಿದರು. ಎಡಗಡೆಯಿಂದ ಬಂದದ್ದು ಮೈಗೆ ತಾಗುವವರೆಗೆ ಬುಗುರಿಗೆ ಗೊತ್ತಾಗುವುದಿಲ್ಲ ಎಂಬ ನನ್ನ ವಾಕ್ಯದ ಕೆಳಗೆ ಗೆರೆ ಎಳೆದಿತ್ತು. ಪಕ್ಕದಲ್ಲಿ ಎಂಟು ಎಂಬ ಅಂಕಿ ಇತ್ತು. ಗೋಡೆ, ಅದು ಬರೀ ಕಥೆ, ತಮಾಷೆಗೆ ಗೀಚಿದ್ದು, ಯಾರ ಕಣ್ಣು ಹೇಗಿದೆ ಎಂದು ತನಗೇನು ಗೊತ್ತು ಎಂದು ಹೇಳಿದ್ದಾನಂತೆ. ಸಾಹೇಬರು ಕಣ್ಣು ಯಾರದು ಎಂದು ನನ್ನನ್ನು ಕೇಳಿದರು. ಕಲ್ಪನೆ ಎಂದೆ. ಹಾಗಾದರೆ ಇದು ಸಾಕ್ಷಿಯಲ್ಲ, ಪತ್ರಿಕೆಯ ಒಂದು ತುಂಡು ಅಷ್ಟೇ ಎಂದು ಅವರು ಅದನ್ನು ಲಕೋಟೆಗೆ ಹಾಕಿಕೊಂಡು ಹೋದರು.

ನಿನ್ನೆ ಬೆಳಿಗ್ಗೆ 7 ಗಂಟೆ 15 ನಿಮಿಷಕ್ಕೆ ತಂಗಿ ನನ್ನ ಮನೆಗೆ ಬಂದಳು. ಒಳಗೆ ಬರಲಿಲ್ಲ. ಬೀರುವಿನಲ್ಲಿ ಸಿಕ್ಕ ತುಂಡಿನ ಸುದ್ದಿ ಕೇಳಿ ಹುಡುಕಿ ತೆಗೆದ ಆ ಹಳೆಯ ಸಂಚಿಕೆ ಕೈಯಲ್ಲಿತ್ತು. ನಿಜ ಹೊರಬಿದ್ದರೆ ಅವರನ್ನು ಇನ್ನೆಂದೂ ಮೈದಾನಕ್ಕೆ ಇಳಿಸುವುದಿಲ್ಲ, ತಪಾಸಣೆಯಲ್ಲಿ ಮೋಸ ಮಾಡಿದ್ದಕ್ಕೆ ಅವರ ಮೇಲೆಯೇ ಕೇಸು ಬರುತ್ತದೆ, ಕಟ್ಟು ಬಿಚ್ಚಿದಾಗ ಕಣ್ಣು ಬಂದರೂ ಬಂದ ಹಾಗಲ್ಲ ಎಂದು ಹೇಳಿದಳು. ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಮೆಟ್ಟಿಲಿಳಿಯುವ ಮುನ್ನ ಅವಳು ಅಂದದ್ದನ್ನು ಅವಳ ಮಾತಿನಲ್ಲೇ ಬರೆಸುತ್ತಿದ್ದೇನೆ: “ಕಥೆ ಅಂತ ಹೇಳ್ಕೊಂಡು ನಿಜ ಬರ್ದೆ. ಈಗ ನಿಜ ಅಂತ ಹೇಳಿ ಒಂದು ಕಥೆ ಬರ್ದುಕೊಡು. ನಿನಗೇನಕ್ಕ ಕಷ್ಟ?”

ಇಂದು ಬೆಳಿಗ್ಗೆ 10 ಗಂಟೆ 30 ನಿಮಿಷಕ್ಕೆ, ತಂಗಿ ಹೇಳಿದಂತೆಯೇ ನಡೆದುಕೊಳ್ಳುತ್ತೇನೆಂದು ತಿಳಿಸಲು ನಾನು ಆಸ್ಪತ್ರೆಗೆ ಹೋದೆ. ತಂಗಿ ಔಷಧಿ ತರಲು ಕೆಳಗೆ ಹೋಗಿದ್ದಳು. ಅವರ ಮಂಚ ಕಿಟಕಿಯ ಪಕ್ಕದ್ದು, ಬಾಗಿಲು ಅವರ ಎಡಕ್ಕೆ. ನನ್ನ ಹೆಜ್ಜೆಯ ಸದ್ದಿಗೆ ಅವರು ಇಡೀ ತಲೆಯನ್ನು ಎಡಕ್ಕೆ ತಿರುಗಿಸಿದರು. ಎರಡೂ ಕಣ್ಣಿಗೆ ಕಟ್ಟಿತ್ತು, ತಿರುಗಿದರೂ ಕಾಣಲು ಏನೂ ಇರಲಿಲ್ಲ. ಅದನ್ನು ನೋಡಿದ ಮೇಲೆ ಆ ಕಣ್ಣು ನನ್ನ ಕಲ್ಪನೆ ಎಂದು ಬರೆದುಕೊಡಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಾಯಿತು.

ಅವರು ಚಪ್ಪಲಿಯ ಸದ್ದಿನಿಂದಲೇ ಅಕ್ಕನೆಂದು ಗುರುತು ಹಿಡಿದರು. ಹನ್ನೊಂದನೇ ಕಂತು ಬಂದ ದಿನವೇ ತಾವು ಅದನ್ನು ಓದಿದ್ದಾಗಿಯೂ, ಅಕ್ಕತಂಗಿಯರ ನಡುವೆ ಜಗಳವಾಗುತ್ತದೆಂದು ಹೆಂಡತಿಗೆ ಹೇಳಲಿಲ್ಲವೆಂದೂ ತಿಳಿಸಿದರು. ಮೊದಲ ಸಲ ಓದಿದಾಗ ಸಿಟ್ಟು ಬಂತಂತೆ. “ಆಮೇಲೆ ಇನ್ನೊಂದ್ಸಲ ಓದ್ದೆ ಅಕ್ಕ. ಹತ್ತು ವರ್ಷ ಹಿಂಗೆ ತಿರುಗಿ ತಿರುಗಿ ಕತ್ತು ಎಷ್ಟು ನೋಯುತ್ತೆ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ನೀವು ಅದನ್ನೂ ಬರ್ದಿದ್ರಿ” ಎಂದರು. ನಾನು ಫೋನಿನ ವಿಷಯವನ್ನೆಲ್ಲ ಒಂದೂ ಬಿಡದೆ ಹೇಳಿದೆ. ಪೊಲೀಸರಿಗೆ ಏನೆಂದು ಹೇಳಲಿ, ಈ ಸಲ ನಿಮ್ಮನ್ನು ಕೇಳಿಯೇ ಬರೆಸುತ್ತೇನೆ ಎಂದೆ. ಅವರು ಉತ್ತರ ಕೊಟ್ಟರು.

ಆ ಉತ್ತರವನ್ನು ನಾನು ಇಲ್ಲಿ ಬರೆಸುವುದಿಲ್ಲ. ಪೇದೆಯವರು ಎರಡು ಸಲ ಕೇಳಿದರು, ಇನ್‌ಸ್ಪೆಕ್ಟರ್ ಸಾಹೇಬರೂ ಒಂದು ಸಲ ಕೇಳಿದರು. ಯಾರಿಗೂ ಹೇಳಬೇಡಿ ಎಂದು ಅವರೇನೂ ನನ್ನಿಂದ ಮಾತು ತೆಗೆದುಕೊಂಡಿಲ್ಲ. ಆದರೂ ಹೇಳುವುದಿಲ್ಲ. ಈ ಹೇಳಿಕೆಯಿಂದ ಅವರ ಆಟ ನಿಲ್ಲುತ್ತದೆಂದು ಗೊತ್ತಿದ್ದೇ ಕೊಡುತ್ತಿದ್ದೇನೆ. ನನ್ನ ತಂಗಿ ಯಾರನ್ನಾದರೂ ಶಪಿಸಬೇಕಿದ್ದರೆ ನನ್ನನ್ನು ಶಪಿಸಲಿ, ಮಂಚದ ಮೇಲಿರುವವರನ್ನು ಅಲ್ಲ.

ಪೇದೆಯವರು ಪೂರ್ತಿ ಓದಿ ಹೇಳಿದರು. ಮೂರು ಕಡೆ ಕಾಗುಣಿತ ತಿದ್ದಿದೆ, ಬೇರೆ ಏನನ್ನೂ ತಿದ್ದಿಲ್ಲ. ಕೊನೆಗೆ ಅವರು ‘ಓದಿ ಕೇಳಿದೆ, ಸರಿಯಿದೆ’ ಎಂಬ ರೂಢಿಯ ಸಾಲು ಬರೆಯಲು ಹೊರಟಾಗ ಬೇಡವೆಂದು ತಡೆದು, ನನ್ನದೇ ಸಾಲನ್ನು ನನ್ನ ಕೈಯಿಂದ ಬರೆದು ಸಹಿ ಮಾಡಿದ್ದೇನೆ.

ಇದರಲ್ಲಿ ಎಲ್ಲವೂ ಕಣ್ಣಾರೆ ಕಂಡದ್ದು. ಹುಟ್ಟಿಸಿಕೊಂಡು ಬರೆದದ್ದು ಒಂದೂ ಇಲ್ಲ.

ಸ್ಥಳ: ಠಾಣೆಯ ಬರಹದ ಕೋಣೆ
ದಿನಾಂಕ: ಹದಿನೆಂಟನೇ ತಾರೀಖು, ಶುಕ್ರವಾರ, ಸಂಜೆ 5 ಗಂಟೆ 25 ನಿಮಿಷ
ಸಹಿ: ಮೂಲೆ ಬಾವುಟ